ಭಾವನ ಇ-ಬುಕ್ ರೀಡರ್

ಭಾವ ತೀರಿಕೊಂಡು ಮೂರು ತಿಂಗಳಾದ ಮೇಲೆ ಅಕ್ಕ ಅವರ ಇ-ಬುಕ್ ರೀಡರನ್ನು ನನಗೆ ಕೊಟ್ಟಳು. ಎರಡು ವರ್ಷ ಹಾಸಿಗೆ ಹಿಡಿದಿದ್ದ ಅವರು ಅದರೊಳಗೇ ಕಡಲು, ಕಾಡು ಸುತ್ತುತ್ತಿದ್ದರು. ನಾನೂರು ಪುಸ್ತಕಗಳು ಅಡ್ಡಾದಿಡ್ಡಿ ರಾಶಿ ಬಿದ್ದಿದ್ದವು. ಒಂದು ಭಾನುವಾರ ಮಧ್ಯಾಹ್ನ ಅವನ್ನು ಸಾಹಸ, ಪತ್ತೇದಾರಿ, ಪ್ರೇಮ ಎಂದು ವಿಂಗಡಿಸಲು ಕುಳಿತೆ.

ಐದನೆಯ ಪುಸ್ತಕದ ಹೊತ್ತಿಗೆ ಪರದೆಯ ಬಲಮೂಲೆ ಅಂಟಂಟಾಯಿತು. ಒರೆಸಿದೆ. ಮುಂದಿನದನ್ನು ತೆರೆದಾಗ ಅಲ್ಲೇ ಮತ್ತೆ ಬೆರಳಗಲದ ಒದ್ದೆ, ಉಗುರುಬೆಚ್ಚಗಿತ್ತು. ಮೂಸಿದರೆ ಹಲ್ಲುಜ್ಜದ ಬಾಯಿಯ ನಾತ. ಸೋಪು ಹಚ್ಚಿ ಮೂರು ಸಲ ಕೈ ತೊಳೆದೆ.

ಅಕ್ಕನಿಗೆ ಫೋನ್ ಮಾಡಿದೆ. “ಭಾವ ಬೆರಳಿಗೆ ಎಂಜಲು ಹಚ್ಕೊಂಡು ಪುಟ ತಿರುಗಿಸ್ತಿದ್ರಾ?”

“ಹೂಂ ಕಣೋ, ಅದರ ಮೇಲೂ ಅದೇ ಚಾಳಿ. ಎಷ್ಟು ಬೈದ್ರೂ ಕೇಳ್ತಿರ್ಲಿಲ್ಲ.”

ಅಂದು ಸಂಜೆಯೇ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅವಳ ಮನೆಗೆ ಹೋಗಿ ವಾಪಸ್ಸು ಕೊಟ್ಟೆ. ಅಕ್ಕ ಸಾಹಸದ ಪುಸ್ತಕವೊಂದನ್ನು ತೆರೆದು ಭಾವ ಮಲಗುತ್ತಿದ್ದ ಮಂಚದ ಮೇಲಿಟ್ಟಳು.

“ಇಷ್ಟಾದ್ರೂ ವಿಂಗಡಿಸಿದ್ದು ಒಳ್ಳೇದಾಯ್ತು. ಹುಡುಕೋಕೆ ಕಷ್ಟ ಆಗ್ತಿತ್ತು,” ಎಂದಳು.

ಯಾರಿಗೆ ಎಂದುಕೊಳ್ಳುತ್ತಾ ಮಂಚದತ್ತ ತಿರುಗಿದೆ. ಮೂರು ತಿಂಗಳಿಂದ ಯಾರೂ ಮಲಗಿಲ್ಲದ ಆ ಮಂಚದ ದಿಂಬಿನ ಮೇಲೆ ಜೊಲ್ಲಿನ ಕಲೆ ಇನ್ನೂ ಆರಿರಲಿಲ್ಲ.