ಗ್ಯಾಲಿಯಲ್ಲ, ಬ್ಯಾಲಿಂಜರ್

ಡಾರ್ಟ್‌ಮತ್ ಬಂದರಿನಲ್ಲಿ ಯಾರನ್ನು ಬೇಕಾದರೂ ಕೇಳಿ, ನಾನು ಸುಳ್ಳು ಹೇಳುವ ಹೆಂಗಸಲ್ಲ. ನನ್ನ ತಮ್ಮ ಜೋರ್ಡನ್, ಬಾಲ್ಡ್‌ವಿನ್ ಸಾಹುಕಾರನ ಗ್ಯಾಲಿ ಎಂಬ ದೊಡ್ಡ ಹುಟ್ಟುಹಡಗಿನಲ್ಲಿ ಹುಟ್ಟು ಹಾಕುತ್ತಿದ್ದ. ಹಲಗೆ ಕೊಳೆತಿದೆಯೆಂದು ಎಲ್ಲರೂ ಹೇಳಿದರೂ ಸಾಹುಕಾರ ಕೇಳಲಿಲ್ಲ. ಅಳಿವೆಯಲ್ಲೇ ಅದು ಮುಳುಗಿ, ನನ್ನ ತಮ್ಮನೂ ಸೇರಿ ಹುಟ್ಟು ಹಾಕುವವರೆಲ್ಲ ಸತ್ತರು. ಅದೇ ಹಡಗನ್ನು ಮೇಲೆತ್ತಿಸಿ, ರಾಳ ಬಳಿಸಿ, ಆತ ಮತ್ತೆ ಆಳು ಕರೆಯತೊಡಗಿದಾಗ ನನಗೆ ಮೈಯೆಲ್ಲ ಉರಿದುಹೋಯಿತು.

ನಡುಮಧ್ಯಾಹ್ನವೇ ದಂಡೆಗೆ ಹೋಗಿ, “ನನ್ನ ತಮ್ಮನನ್ನ ನುಂಗಿದ ಗ್ಯಾಲಿಗೆ ಇನ್ಯಾರನ್ನ ಬಲಿ ಕೊಡ್ತೀಯೋ?” ಎಂದು ಕೂಗಿದೆ.

“ಗ್ಯಾಲಿ ಮುಳುಗೋಯ್ತಲ್ಲಮ್ಮ, ಇದು ಬ್ಯಾಲಿಂಜರ್ ಅನ್ನೋ ಸಣ್ಣ ಜಾತಿ ಹಡಗು,” ಎಂದು ಸಾಹುಕಾರ ನಕ್ಕ. “ಹೆಸರೇ ಬೇರೆ, ಹಡಗೇ ಬೇರೆ.”

“ಹೆಸರು ಬದಲಾಯಿಸಿದ್ರೆ ಸತ್ತೋರು ಎದ್ದು ಬರ್ತಾರೇನೋ?”

ಅವನನ್ನು ತಳ್ಳಿಕೊಂಡೇ ಹಡಗು ಹತ್ತಿದೆ. ಹೊರಗೆ ಬೇಸಿಗೆಯ ಬಿಸಿಲು. ಒಳಗೆ ಬಾವಿಯೊಳಗಿನಂಥ ತಂಪು. ಹಡಗು ಒಣನೆಲದ ಮೇಲಿದ್ದರೂ ಹಲಗೆಗಳಡಿ ನೀರು ಬಡಿಯುವ ಸದ್ದು. ತಮ್ಮ ಕೂರುತ್ತಿದ್ದ ಜಾಗದ ಹುಟ್ಟನ್ನು ಮುಟ್ಟಿದೆ. ಈಗಷ್ಟೇ ಯಾರೋ ಕೈಬಿಟ್ಟಂತೆ ಅದರ ಹಿಡಿ ಬೆವರಿ ಬೆಚ್ಚಗಿತ್ತು.

“ಬಾರೋ, ಮುಟ್ಟಿ ನೋಡೋ!” ಎಂದೆ.

ಮುಟ್ಟಿದ ಸಾಹುಕಾರನ ನಗು ಅಲ್ಲೇ ನಿಂತಿತು. ಅಂದೇ ಆತ ಹಳೆಯ ಹುಟ್ಟುಗಳನ್ನೆಲ್ಲ ಸುಡಿಸಿ, ಹೊಸವನ್ನು ಮಾಡಿಸಿ ತರಿಸಿದ.

ಹಡಗಿಗೆ ಆಳುಗಳಿನ್ನೂ ಸಿಕ್ಕಿರಲಿಲ್ಲ, ಅದು ನೀರಿಗೂ ಇಳಿದಿರಲಿಲ್ಲ. ಆದರೂ ವಾರದೊಳಗೆ ಆ ಹೊಸ ಹುಟ್ಟುಗಳ ಹಿಡಿಗಳೆಲ್ಲ ಬೆರಳಿನ ಗುರುತು ಮೂಡುವಷ್ಟು ಸವೆದಿದ್ದವು.