ದಾಳಿಂಬದ ಬಸ್ತಾ

ಉದಗೀರದ ಕಲ್ಯಾಣಪ್ಪ ಸೇಟರ ಬಟ್ಟೆ ಅಂಗಡಿಯಲ್ಲಿ ಹದಿನಾಲ್ಕು ವರ್ಷ ಸೀರೆ ಬಿಚ್ಚಿ ಮಡಚಿದ ಅಮರನಾಥನಿಗೆ ಆ ಯುಗಾದಿಗೆ ಸಿಕ್ಕಿದ್ದು ಒಂದು ಶರ್ಟ್ ಪೀಸು. ನಿಲಂಗಾದಲ್ಲಿ ಶಾಖೆ ತೆಗೆದು ನಿನ್ನನ್ನೇ ಕೂಡಿಸುತ್ತೇನೆ ಎಂದು ಸೇಟರು ವರ್ಷವರ್ಷವೂ ಹೇಳುತ್ತಿದ್ದರು. ಈ ಸಲ ಆ ಮಾತೂ ಇಲ್ಲ. ಕೊಡದಿದ್ದರೆ ಬಿಡಲಿ, ನಾನೇ ತಗೊಂಡರಾಯಿತು ಎಂದುಕೊಂಡ ಅಮರನಾಥ.

ಅಂಗಡಿ ನಡೆಯುವುದೇ ಬಸ್ತಾದ ಮೇಲೆ. ಬಸ್ತಾ ಅಂದರೆ ಮದುವೆಯ ಬಟ್ಟೆ ಖರೀದಿ. ಎರಡೂ ಕಡೆಯ ಬೀಗರು ಗಾಡಿ ಮಾಡಿಕೊಂಡು ಬಂದು ಇಡೀ ದಿನ ಗಾದಿಯ ಮೇಲೆ ಕೂತು ಮಾಡುವ ಖರೀದಿ. ಯಾವ ಊರಲ್ಲಿ ಯಾರ ಮಗಳ ಲಗ್ನ ನಿಕ್ಕಿಯಾಯಿತು ಎಂಬುದನ್ನು ಸೇಟರು ಮಠದ ಅಯ್ಯನವರಿಂದ, ಮಂಟಪದವರಿಂದ, ಅಡಿಗೆಯವರಿಂದ ಕೆದಕಿ ಕೆದಕಿ ಕೇಳಿ ಒಂದು ವಹಿಯಲ್ಲಿ ಬರೆಯುತ್ತಿದ್ದರು. ಹೆಣ್ಣಿನ ತಂದೆಯ ಹೆಸರು, ಊರು, ಫೋನ್ ನಂಬರು, ಅಷ್ಟೇ. ಹೆಣ್ಣಿನವರನ್ನು ಹಿಡಿದರೆ ಗಂಡಿನವರು ತಾವಾಗಿ ಬರುತ್ತಾರೆ ಎಂಬುದು ಅವರ ಮಾತು.

ಬೆಳಿಗ್ಗೆ ಸೇಟರು ಒಳಕೋಣೆಯಲ್ಲಿ ಲಿಂಗಪೂಜೆಗೆ ಕೂತರೆ ಅರ್ಧ ಗಂಟೆ ಏಳುವವರಲ್ಲ, ವಹಿ ಗಾದಿಯ ಮೇಲೆಯೇ ಇರುತ್ತಿತ್ತು. ನಾಲ್ಕು ದಿನದಲ್ಲಿ ಅಮರನಾಥ ಎಲ್ಲ ಹಾಳೆಗಳ ಫೋಟೋ ತೆಗೆದ. ದುರಾಸೆ ಮಾಡಲಿಲ್ಲ. ಉಮರ್ಗಾ ಕಡೆಯ ಹನ್ನೊಂದೇ ಮನೆ ಆರಿಸಿದ; ದಾಳಿಂಬ ಎಂಬ ಊರಿನ ಪಂಡಿತರದೂ ಅದರಲ್ಲಿ ಒಂದು. ಆ ಕಡೆಯವರಿಗೆ ಉದಗೀರಕ್ಕಿಂತ ನಿಲಂಗಾ ಹತ್ತಿರ. ಹೆಂಡತಿ ಸಾರಿಕಾಳ ಬಂಗಾರದ ಪಾಟಲಿ ಬಳೆ ಮಾರಿ ನಿಲಂಗಾದಲ್ಲಿ ಮಳಿಗೆ ಹಿಡಿದು ಮಾಲು ತುಂಬಿದ. ಈ ಸೀಜನ್ ಕೈಕೊಟ್ಟರೆ ಮನೆಯಲ್ಲಿ ಉಳಿಯುವುದು ಬೋಳು ಕೈ. ಆದರೆ ಹೊಸ ಅಂಗಡಿಯನ್ನು ಯಾರು ನಂಬುತ್ತಾರೆ? ಅದಕ್ಕೇ ಹೊಸ ಸಿಮ್‌ನಿಂದ ಫೋನ್ ಮಾಡಿ, ಇದು ಕಲ್ಯಾಣಪ್ಪ ಸೇಟರದೇ ನಿಲಂಗಾ ಶಾಖೆ ಎಂದ. ಬಾಗಿಲಿಗೆ ಅದೇ ಹೆಸರಿನ ಬ್ಯಾನರ್ ಕಟ್ಟಿಸಿದ. ಲಗ್ನಗಳು ಮುಗಿದ ಮೇಲೆ ಬ್ಯಾನರ್ ಬಿಚ್ಚಿ ತನ್ನ ಹೆಸರಿನ ಬೋರ್ಡು ಹಾಕಿದರೆ ಕೇಳುವವರಾರು! ಹನ್ನೊಂದು ಮನೆಯವರೂ ಹೂಂ ಎಂದರು.

ಇತ್ತ ಸೇಟರು ಒಂದೊಂದೇ ಹೆಸರು ಕೇಳುತ್ತ ಬಂದರು. ಕೆಲವರು ಲಾತೂರಿಗೆ ಹೋದರು, ಕೆಲವರು ಮುಂದೂಡಿದರು ಎಂದು ಅಮರನಾಥ ಹೇಳುತ್ತ ಹೋದ.

"ದಾಳಿಂಬದ ಪಂಡಿತರದ ಏನಾಯ್ತಪಾ?"

"ಅವರು ಸೋಲಾಪುರದಾಗ ಬಸ್ತಾ ಮುಗಿಸ್ಯಾರಂತ್ರಿ ಸೇಟ್."

ಸೇಟರು ಕನ್ನಡಕ ತೆಗೆದು ಅವನನ್ನು ನೋಡಿದರು. ಆಮೇಲೆ ಆ ಹೆಸರಿನ ಮೇಲೆ ಗೀಟು ಎಳೆದರು. ಅಬ್ಬಾ, ಗೆದ್ದೆ ಎಂದುಕೊಂಡ ಅಮರನಾಥ. ಮರುದಿನ ಜ್ವರವೆಂದು ರಜೆ ಕೇಳಿದ. ಸೇಟರು ಔಷಧ ತಗೋ ಎಂದರು.

ಬುಧವಾರ ಮೊದಲ ಬಸ್ತಾ ದಾಳಿಂಬದ್ದು. ಹತ್ತು ಗಂಟೆಗೆ ನಿಲಂಗಾದ ಮಳಿಗೆಯ ಮುಂದೆ ಟೆಂಪೋ ನಿಂತಿತು. ಪಂಡಿತರು ಮೂವತ್ತು ಮಂದಿಯೊಡನೆ ನಗುನಗುತ್ತ ಇಳಿದರು. ಅವರ ಹಿಂದೆಯೇ ಗಂಡಿನವರ ಜೀಪು ಬಂತು. ಅಮರನಾಥ ಕೈಮುಗಿದು ಮೆಟ್ಟಿಲು ಇಳಿದ.

ಹನ್ನೊಂದು ಹೆಣ್ಣುಗಳ ತಂದೆಯರ ಹೆಸರು ಅವನಿಗೆ ಬಾಯಿಪಾಠವಾಗಿತ್ತು. ಗಂಡು ಯಾರು ಎಂದು ಒಬ್ಬರನ್ನೂ ಕೇಳಿರಲಿಲ್ಲ. ದಾಳಿಂಬದ ಹೆಣ್ಣನ್ನು ತರುತ್ತಿದ್ದುದು ಭಾಲ್ಕಿಯಲ್ಲಿರುವ ಕಲ್ಯಾಣಪ್ಪ ಸೇಟರ ತಂಗಿಯ ಮಗನಿಗೆ. ಸೋದರಮಾವ ಮುಂದೆ ಕೂಡದೆ ಬಸ್ತಾದ ಸೀರೆ ಬಿಚ್ಚುವಂತಿಲ್ಲ. ಜೀಪಿನ ಮುಂದಿನ ಸೀಟಿನಿಂದ ಸೇಟರು ಸಾವಕಾಶ ಇಳಿದರು. "ನಿಮ್ಮ ದುಕಾನದಾಗೇ ಆಗ್ಲಿ ಅಂತ ಎಲ್ಲಾರ್ನೂ ಇಲ್ಲಿಗೇ ಕರ್ಕೊಂಡು ಬಂದೀನ್ರಿ ಬೀಗರೇ" ಎಂದರು ಪಂಡಿತರು ಹೆಮ್ಮೆಯಿಂದ. ಸೇಟರು ಬ್ಯಾನರಿನ ಮೇಲಿನ ತಮ್ಮ ಹೆಸರು ಓದಿದರು, ಕಪಾಟು ತುಂಬಿದ ಮಾಲು ನೋಡಿದರು, ಒಳಗೆ ಬಂದು ಗಾದಿಯ ಮೇಲೆ ಕೂತರು. ಇದು ನಿಮ್ಮದಲ್ಲ ಎಂದರೆ ಅಷ್ಟು ಮಂದಿ ಬೀಗರೆದುರು ಅಮರನಾಥನೇ ಮೋಸಗಾರನಾಗುತ್ತಿದ್ದ. ಸೇಟರು ಕೈ ಚಾಚಿದರು. "ನನ್ನ ದುಕಾನ ಚಂದ ಇಟ್ಟೀದಿ, ಅಮರನಾಥ. ಈಗ ಚಾವಿ ಕೊಡು."