ಇಂಜಿನ್ ಬಿಸಿಯಾಗುವ ತನಕ

ಸೋಮವಾರ ಬೆಳಗ್ಗೆ ಷೆಡ್ಡಿನ ಬಾಗಿಲು ತೆರೆದಾಗ ಹಳೆಯ ಕಾರಿನ ಎಡಗಡೆ ದೀಪ ಒಡೆದಿತ್ತು, ಮಡ್‌ಗಾರ್ಡು ನಗ್ಗಿತ್ತು. ಹಿಂದಿನ ದಿನ ಮನೆಯ ಯಜಮಾನ ಹೆಂಡತಿಯೊಡನೆ ಬಸ್ಸಿನಲ್ಲಿ ಮಾವನ ಮನೆಗೆ ಹೋಗಿದ್ದ. ಮನೆಯಲ್ಲಿದ್ದವರು ಅವನ ವಯಸ್ಸಾದ ತಾಯಿ ಒಬ್ಬರೇ. ಡ್ರೈವರಿಗೆ ರಜೆ. ಆದರೆ ಕಾರಿನ ಒಂದು ಕೀಲಿ ಮನೆಯಲ್ಲಿದ್ದರೆ ಇನ್ನೊಂದು ಇದ್ದದ್ದು ಅವನ ಬಳಿ. ಯಜಮಾನನಿಗೆ ಅಷ್ಟೇ ಸಾಕಾಯಿತು. ನಾಳೆಯಿಂದ ಬರಬೇಡ ಎಂದುಬಿಟ್ಟ. ಡ್ರೈವರ್ ವಾದಕ್ಕಿಳಿಯದೆ ಸೀದಾ ಮಹಡಿ ಹತ್ತಿ, ಅಲ್ಲಿ ಬಾಡಿಗೆಗಿದ್ದ ವಿಮಾ ಕಂಪನಿಯ ಸರ್ವೇಯರರ ಕದ ತಟ್ಟಿದ.

ಗುದ್ದಿಸಿಕೊಂಡ ವಾಹನಗಳನ್ನು ನೋಡಿ ತಪ್ಪು ಯಾರದೆಂದು ಹೇಳುವುದರಲ್ಲೇ ಸರ್ವೇಯರರ ತಲೆ ನರೆತಿತ್ತು. ನಿವೃತ್ತರಾದ ಮೇಲೆ ಬೀದಿಯ ತಂಟೆಗಳೆಲ್ಲ ಅವರ ಬಳಿಗೇ ಬರುತ್ತಿದ್ದವು. ಜೊತೆಗಿದ್ದ ಭಾವಮೈದುನನಿಗೆ ಅದೇ ದೊಡ್ಡ ಹೆಮ್ಮೆ. ಅವರ ಹಿಂದೆ ಟಾರ್ಚ್ ಹಿಡಿದು ನಡೆಯುವುದನ್ನು ಅವನು ಹುದ್ದೆಯೆಂದೇ ತಿಳಿದಿದ್ದ.

"ಕೆಲಸ ಹೋದ್ರೆ ಹೋಗ್ಲಿ ಸಾರ್," ಎಂದ ಡ್ರೈವರ್. "ಗುದ್ದಿ ಬಚ್ಚಿಟ್ಟ ಅನ್ನೋ ಹೆಸರು ಬೇಡ."

ಷೆಡ್ಡಿನ ಹಿಂಗೋಡೆಯಲ್ಲಿ, ಸೈಲೆನ್ಸರಿನ ನೇರಕ್ಕೆ, ಸುಣ್ಣದ ಮೇಲೆ ಮಸಿಯ ಕಲೆಯಿತ್ತು. ಹೊಸದು, ಬೆರಳಿಗೆ ಅಂಟುತ್ತಿತ್ತು.

"ನೋಡಿ, ಸಿಕ್ಕಿಬಿದ್ದ," ಎಂದ ಯಜಮಾನ. "ಹೊರಡೋ ಮುಂಚೆ ಇಂಜಿನ್ ಬಿಸಿ ಮಾಡೋ ಹುಚ್ಚು ಇವನಿಗೆ ಮಾತ್ರ. ನಾನು ಕೀಲಿ ತಿರುಗಿಸಿದವನೇ ಹೊರಟುಬಿಡ್ತೀನಿ."

ಭಾವಮೈದುನ ಟಾರ್ಚನ್ನು ಕಲೆಯ ಮೇಲೆ ಹಿಡಿದ. ಸರ್ವೇಯರರು ಉಗುರಿನಿಂದ ಸುಣ್ಣದ ಹಕ್ಕಳೆ ಎಬ್ಬಿಸಿದರು. ಅಡಿಯಲ್ಲಿ, ಅದೇ ಜಾಗದಲ್ಲಿ, ಹಳೆಯ ಮಸಿ. ಎಲ್ಲಿ ಬಿಸಿ ಮಾಡುತ್ತೀಯೆಂದು ಡ್ರೈವರನ್ನು ಕೇಳಿದರು. ಹೊಗೆ ಅಡುಗೆಮನೆಗೆ ನುಗ್ಗಬಾರದೆಂದು ಅವನು ಕಾರನ್ನು ಅಂಗಳಕ್ಕೆ ತಳ್ಳಿಕೊಂಡು ಬಂದೇ ಸ್ಟಾರ್ಟ್ ಮಾಡುತ್ತಿದ್ದನಂತೆ. ಆಮೇಲೆ ಗೇಟಿಗೆ ಹೋದರು. ಹೋದ ವರ್ಷ ಯಜಮಾನ ಗೇಟು ಕಿರಿದು ಮಾಡಿ ಕಟ್ಟಿಸಿದ ಹೊಸ ಕಂಬಕ್ಕೆ ಕಾರಿನ ಬಣ್ಣ ಮೆತ್ತಿತ್ತು.

ಸಂಜೆ ಎಲ್ಲರೂ ನಡುಮನೆಯಲ್ಲಿ ಸೇರಿದರು. ಬೆಳಗಿನ ರಾದ್ಧಾಂತವನ್ನು ತಾಯಿಗೆ ಯಾರೂ ಹೇಳಿರಲಿಲ್ಲ.

"ಕಾರು ತೆಗೆದವರಿಗೆ ಗಾಡಿ ವಿಷಯ ಏನೇನೂ ಗೊತ್ತಿಲ್ಲ," ಎಂದರು ಸರ್ವೇಯರರು. "ತಣ್ಣಗಿರೋ ಇಂಜಿನ್ನೇ ಎಳ್ಕೊಂಡು ಹೋಗಿದ್ದಾರೆ."

ಭಾವಮೈದುನ ಬೆಚ್ಚಿದ. ಭಾವ ಸುಳ್ಳು ಹೇಳಿದ್ದನ್ನು ಅವನು ಕೇಳಿದ್ದು ಅದೇ ಮೊದಲು.

"ಯಾರಪ್ಪ ಹೇಳಿದ್ದು?" ಎಂದರು ತಾಯಿ. "ಬಾನೆಟ್ ಮೇಲೆ ಕೈಯಿಟ್ಟು ಬಿಸಿ ತಾಗೋ ತನಕ ನಾನು ಗೇರ್ ಮುಟ್ಟಲ್ಲ."

ಸರ್ವೇಯರರು ಎದ್ದು ನಿಂತು, ಸುಳ್ಳಿಗೆ ಕ್ಷಮೆ ಕೇಳಿ, ಒಂದೊಂದೇ ಬಿಡಿಸಿ ಹೇಳಿದರು. ಬಿಸಿ ಮಾಡಿದ್ದು ಷೆಡ್ಡಿನೊಳಗೆ, ಹಾಗಾಗಿ ಡ್ರೈವರಲ್ಲ. ಸುಣ್ಣ ಬಳಿದದ್ದು ಅವನು ಕೆಲಸಕ್ಕೆ ಸೇರುವ ಮೊದಲು, ಹಾಗಾಗಿ ಅದರ ಕೆಳಗಿನ ಮಸಿ ಇನ್ನೂ ಹಿಂದಿನ ಅಭ್ಯಾಸದ್ದು. ದಿನವೂ ಗೇಟು ದಾಟುವವನು ಕಂಬಕ್ಕೆ ತಗುಲಿಸುವುದಿಲ್ಲ; ತಗುಲಿಸಿದವರು ಹಳೆಯ, ಅಗಲವಾದ ಗೇಟಿನಲ್ಲಿ ಓಡಿಸಿದವರು.

"ಬಿಸಿ ಮಾಡ್ತಿದ್ದದ್ದು ಅಪ್ಪ ಅಲ್ವಾ?" ಎಂದ ಮಗ.

"ನಿಮ್ಮಪ್ಪ ಗಡ್ಡ ಕೆರೆದು ಮುಗಿಸೋ ಹೊತ್ತಿಗೆ ನಾನು ಬಿಸಿ ಮಾಡಿಟ್ಟಿರ್ತಿದ್ದೆ. ಅವರಿಗೆ ಬೆನ್ನು ಹಿಡಿದಾಗೆಲ್ಲ ಓಡಿಸಿದ್ದೂ ನಾನೇ. ನೀನು ಹಿಂದಿನ ಸೀಟಲ್ಲಿ ಗೊರಕೆ ಹೊಡೀತಿದ್ದೆ." ಸ್ವಲ್ಪ ತಡೆದು ಅಂದರು: "ಗೇಟು ಕಿರಿದಾದದ್ದು ಕಣ್ಣಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ." ಆಮೇಲೆ ಡ್ರೈವರನ ಕಡೆ ತಿರುಗಿದರು. "ನಿನ್ನ ತಲೆಗೆ ಕಟ್ಟಿದ್ದಾರೆ ಅಂತ ತಿಳಿದಿದ್ರೆ ಬೆಳಗ್ಗೇನೇ ಹೇಳ್ತಿದ್ದೆ ಕಣಪ್ಪ."

ಮಗ ತಲೆ ತಗ್ಗಿಸಿ ಡ್ರೈವರನ ಕ್ಷಮೆ ಕೇಳಿದ.

ಮರುದಿನ ಅಂಗಳದಲ್ಲಿ ಕಾರು ಗುರುಗುಟ್ಟುತ್ತಿತ್ತು. ಹಿಂದಿನ ಸೀಟಿನಿಂದ ಯಜಮಾನ ಹೊರಡು ಎಂದ. ಡ್ರೈವರ್ ಅಲುಗಾಡದೆ ಮೆಟ್ಟಿಲ ಕಡೆ ನೋಡಿದ. ತಾಯಿ ಇಳಿದು ಬಂದು ಬಾನೆಟ್ ಮೇಲೆ ಅಂಗೈ ಇಟ್ಟರು.

"ಇನ್ನೂ ಸ್ವಲ್ಪ," ಎಂದರು.

ಮಗ ತೆಪ್ಪಗೆ ಕಾದ.